ಹಣ್ಣು ಪ್ಯಾಕ್ ಮಾಡುವವರೇ, ಯಾವ ಕ್ರೇಟ್ ಯಾರದ್ದು ಅಂತ ಅವತ್ತೇ ಬರೆದಿಡಿ

ಶ್ರೀನಿವಾಸಪುರದ ಹತ್ತಿರ ನಮ್ಮದೊಂದು ಸಣ್ಣ ಮಾವಿನ ಪ್ಯಾಕಿಂಗ್ ಶೆಡ್ ಇದೆ. ಸುತ್ತಲಿನ ಆರೇಳು ರೈತರಿಂದ ಬಾದಾಮಿ, ರಸಪುರಿ, ಮಲ್ಲಿಕಾ ತಗೊಂಡು, ಮಾಗಿಸಿ, ಮೂರು ಕೆಜಿ ಬಾಕ್ಸ್ ಮಾಡಿ ಬೆಂಗಳೂರಿಗೆ ಕಳಿಸುತ್ತೇವೆ. 2023ರ ಮೇ ತಿಂಗಳಲ್ಲಿ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಬೆಳಗ್ಗೆ ನಮ್ಮ ಮಾಲು ಕೊಳ್ಳುವ ಅಂಗಡಿಯಿಂದ ಫೋಟೊ ಬಂತು. ನಮ್ಮದೇ ಬಾಕ್ಸ್. ಹಣ್ಣುಗಳ ನಡುವೆ, ಹುಲ್ಲಿನೊಳಗೆ, ಹಳೇ ಪೇಪರಿನ ಪುಟ್ಟ ಪೊಟ್ಟಣ. ಬಿಚ್ಚಿದರೆ ಬೂದಿ ಬಣ್ಣದ ಪುಡಿ, ಬೆಳ್ಳುಳ್ಳಿ ಥರ ವಾಸನೆ ಅಂದರು. ನನಗೆ ಕೈಕಾಲು ಆಡಲಿಲ್ಲ. ಮಾವಿನ ಊರಲ್ಲಿ ಹುಟ್ಟಿದವರಿಗೆ ಆ ವಾಸನೆ ಯಾವುದೆಂದು ಹೇಳಬೇಕಿಲ್ಲ. ಕಾರ್ಬೈಡ್. ತೇವ ತಾಗಿದರೆ ಅದರಿಂದ ಅಸಿಟಿಲೀನ್ ಅನಿಲ ಬರುತ್ತದೆ, ಕಾಯಿಯ ಸಿಪ್ಪೆ ಹಳದಿ ಆಗುತ್ತದೆ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶವೂ ಇರುತ್ತದೆ. ಹಣ್ಣು ಮಾಗಿಸಲು ಅದನ್ನು ಬಳಸುವಂತಿಲ್ಲ ಅಂತ 2011ರ ಆಹಾರ ಸುರಕ್ಷತಾ ನಿಯಮಗಳಲ್ಲೇ ಇದೆ. ನಾವು ಎಥಿಲೀನ್ ಅನಿಲ ಬಿಟ್ಟ ಕೋಣೆಯಲ್ಲೇ ಮಾಗಿಸುವವರು. ಅದಕ್ಕೆ 100 ಪಿಪಿಎಂವರೆಗೆ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗದವರೆಗೆ, ಅನುಮತಿ ಇದೆ. ಮಕ್ಕಳು ತಿನ್ನುವ ಹಣ್ಣಿನ ಜೊತೆ ಇದು ಹೇಗೆ ಬಂತು?

"ಯಾವ ಲಾಟ್ ಇದು? ಯಾರ ತೋಟದ್ದು? ಇದರ ಜೊತೆಗಿನ ಬಾಕ್ಸ್‌ಗಳು ಎಲ್ಲಿಗೆ ಹೋಗಿವೆ?" ಅಂತ ಅಂಗಡಿಯವರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ದಿನ ನಾಲ್ಕು ರೈತರ ಹಣ್ಣು ಬಂದಿತ್ತು. ಸಾಲದು ಅಂತ ಮಂಡಿಯಿಂದ ಒಂದು ಲೋಡ್ ತರಿಸಿದ್ದೆವು. ಎಲ್ಲವನ್ನೂ ಒಟ್ಟಿಗೆ ಸುರಿದು, ಸೈಜ್ ನೋಡಿ ಬಾಕ್ಸ್‌ಗೆ ತುಂಬಿದ್ದೆವು. ಪುಸ್ತಕದಲ್ಲಿ ಇದ್ದದ್ದು ಯಾರಿಗೆ ಎಷ್ಟು ದುಡ್ಡು ಕೊಡಬೇಕು ಅನ್ನುವ ಲೆಕ್ಕ ಮಾತ್ರ. ಹಾಗಾಗಿ ಅವತ್ತಿನ 140 ಬಾಕ್ಸನ್ನೂ ವಾಪಸ್ ತರಿಸಿ, ಗುಂಡಿ ತೋಡಿ ಮುಚ್ಚಿದೆವು.

ಗಾಬರಿಯಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಆ ದಿನ ಬೇಗ ಮಾಗಿದ ಹಣ್ಣು ಕೊಟ್ಟಿದ್ದ ಹಿರಿಯ ರೈತರೊಬ್ಬರ ಮೇಲೆ ಅನುಮಾನ ಬಂತು. ಅವರ ತೋಟಕ್ಕೇ ಹೋಗಿ ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಏನಪ್ಪಾ, ನಿಮ್ಮಪ್ಪನ ಕಾಲದಿಂದ ಹಣ್ಣು ಹಾಕ್ತಿದ್ದೀನಿ. ಈಗ ನಾನು ಮದ್ದು ಹಾಕಿದೆ ಅಂತೀಯಾ?" ಅಂದರು. ಮೂರನೇ ದಿನ ಶೆಡ್ಡಿನ ಮೂಲೆಯಲ್ಲಿ ಮಂಡಿ ಲೋಡಿನ ಎರಡು ಕ್ರೇಟ್ ಉಳಿದಿದ್ದವು. ಖಾಲಿ ಮಾಡಿದರೆ ತಳದಲ್ಲಿ ಅದೇ ಪೇಪರಿನ ಪೊಟ್ಟಣಗಳು. ಮಂಡಿಯವರು ಕೊಟ್ಟಿದ್ದು ಬಿಲ್ಲಲ್ಲ, ತೂಕ ಬರೆದ ಒಂದು ಚೀಟಿ. ಅದರಲ್ಲಿ ಹೆಸರೂ ಇಲ್ಲ, ನಂಬರೂ ಇಲ್ಲ. ಮಾಲು ಕೊಟ್ಟದ್ದು ತಾವೇ ಅಲ್ಲ ಅಂದುಬಿಟ್ಟರು.

ಅಷ್ಟರಲ್ಲಿ ಆಹಾರ ಸುರಕ್ಷತಾ ಅಧಿಕಾರಿ ಬಂದರು. ಗೋಡೆಗೆ ತೂಗು ಹಾಕಿದ್ದ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸರ್ಟಿಫಿಕೇಟ್ ತೋರಿಸಿದೆ. ಅವರು ಓದಿ ಹೇಳಿದಾಗಲೇ ನನಗೂ ಗೊತ್ತಾಗಿದ್ದು. ಅದರಲ್ಲಿ ವಿಳಾಸ ನಮ್ಮ ಮನೆಯದು, ಶೆಡ್ಡಿನದ್ದಲ್ಲ. ವ್ಯಾಪಾರ ಅಂತ ಇದ್ದದ್ದು ಚಿಲ್ಲರೆ ಮಾರಾಟ. ಅದು ಬರೀ ನೋಂದಣಿ. ಆಗಿನ ನಿಯಮದಂತೆ ವರ್ಷಕ್ಕೆ 12 ಲಕ್ಷ ವಹಿವಾಟಿನವರೆಗೆ ಮಾತ್ರ ಅದು ಸಾಕು. ನಮ್ಮದು ಅದನ್ನು ದಾಟಿತ್ತು, ರಾಜ್ಯ ಲೈಸೆನ್ಸ್ ಬೇಕಿತ್ತು. ಆ ನೋಂದಣಿ ಮಾಡಿಸಿದ್ದು ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಮೇಲೇ ಸಿಕ್ಕ ಒಂದು ವೆಬ್‌ಸೈಟ್ ಮೂಲಕ. ನೋಡಲು ಸರ್ಕಾರದ್ದೇ ಅನ್ನಿಸುವ ಹಾಗಿತ್ತು. 6,500 ರೂಪಾಯಿ ಕಟ್ಟಿದ್ದೆ. ಆಗ ನೋಂದಣಿಗೆ ಸರ್ಕಾರದ ಶುಲ್ಕ ವರ್ಷಕ್ಕೆ 100 ರೂಪಾಯಿ! ಅಸಲಿ ಪೋರ್ಟಲ್ಲಿನ ಹೆಸರು ಫಾಸ್ಕಾಸ್. ವಿಳಾಸದ ಕೊನೆಯಲ್ಲಿ ಡಾಟ್ ಗವ್ ಡಾಟ್ ಇನ್ ಇದೆಯಾ ಅಂತ ನೋಡಿಕೊಂಡೇ ಮುಂದೆ ಹೋಗಿ. ಮಿತಿ, ಶುಲ್ಕ ಈಗ ಎಷ್ಟಿದೆ ಅಂತಲೂ ಅಲ್ಲೇ ನೋಡಿ.

"ನಾವು ರೈತರು, ನಮಗೆ ಯಾಕೆ ಲೈಸೆನ್ಸ್" ಅಂತ ನಮ್ಮ ಕಡೆ ಜಾಸ್ತಿ ಜನ ಕೇಳುತ್ತಾರೆ. ತನ್ನ ತೋಟದಲ್ಲಿ ಬೆಳೆದದ್ದನ್ನು ಹಾಗೇ ಮಾರುವ ರೈತನಿಗೆ ಬೇಡ, ನಿಜ. ಪಕ್ಕದವರ ಹಣ್ಣು ಕೊಂಡು, ಮಾಗಿಸಿ, ಪ್ಯಾಕ್ ಮಾಡಿದ ಕೂಡಲೇ ನಾವು ವ್ಯಾಪಾರಸ್ಥರು. ದಿನಾ ಏನು ಬಂತು, ಏನು ಬಳಸಿದೆವು, ಎಲ್ಲಿಗೆ ಹೋಯಿತು ಅನ್ನುವ ಲೆಕ್ಕ ಇಡುವುದು ಲೈಸೆನ್ಸಿನ ಷರತ್ತೇ. ವ್ಯಾಪಾರಿಯಿಂದ ಕೊಂಡರೆ ಅವರಿಗೂ ನೋಂದಣಿ ಅಥವಾ ಲೈಸೆನ್ಸ್ ಇರಬೇಕು. 2022ರ ಜನವರಿಯಿಂದ ಬಿಲ್ಲಿನ ಮೇಲೆ ಆ ನೋಂದಣಿ ಅಥವಾ ಲೈಸೆನ್ಸಿನ 14 ಅಂಕಿಯ ನಂಬರ್ ಕಡ್ಡಾಯ. ಆ ನಂಬರ್ ಇಲ್ಲದ ಚೀಟಿ ಹಿಡಿದು ಬರಬೇಡಿ, ಎಷ್ಟೇ ಅರ್ಜೆಂಟ್ ಇರಲಿ.

ಈಗ ನಮ್ಮ ಬಾಗಿಲ ಪಕ್ಕ ಉದ್ದ ಪುಸ್ತಕ ಇದೆ. ಕ್ರೇಟ್ ಇಳಿಸುವ ಮೊದಲೇ ತಾರೀಕು, ರೈತರ ಹೆಸರು, ಊರು, ತಳಿ, ತೂಕ, ಗಾಡಿ ನಂಬರ್ ಬರೆಯುತ್ತೇವೆ. ಮಾಗಿಸುವ ಕೋಣೆಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಇನ್ನೊಂದು ಪುಟದಲ್ಲಿ. ಒಬ್ಬರ ಹಣ್ಣು ಮುಗಿದು ಬಾಕ್ಸ್‌ಗೆ ಚೀಟಿ ಅಂಟಿಸುವವರೆಗೆ ಇನ್ನೊಬ್ಬರದ್ದು ಸುರಿಯುವುದಿಲ್ಲ. ಚೀಟಿಯಲ್ಲಿ 'ಬಾ-14-3' ಅಂತಿದ್ದರೆ ಬಾದಾಮಿ, 14ನೇ ತಾರೀಕು, ಮೂರನೇ ಲಾಟ್. ದಿನಕ್ಕೆ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಆ ಹಿರಿಯರ ಮನೆಗೆ ಹೋಗಿ "ತಪ್ಪಾಯ್ತು ಮಾವ" ಅಂದೆ. ಕೂರಿಸಿ ಕಾಫಿ ಕೊಟ್ಟರು, ಮನೆಯವರನ್ನೆಲ್ಲ ವಿಚಾರಿಸಿದರು. ಆದರೆ ಆಮೇಲೆ ಅವರ ತೋಟದ ಬಾದಾಮಿ ನಮ್ಮ ಶೆಡ್ಡಿಗೆ ಬರಲಿಲ್ಲ.