ಡಿಎನ್‌ಎ, ಬ್ಯಾಕ್ಟೀರಿಯಾ, ಜೀವಕೋಶ: ಎಎಫ್‌ಎಂನ ಯಾವ ವಿಧಾನ ಯಾವುದಕ್ಕೆ?

ಎಎಫ್‌ಎಂ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಅಂದರೆ ಮೇಲ್ಮೈಯನ್ನು ಸೂಕ್ಷ್ಮ ಮೊನೆಯಿಂದ ತಡವಿ ಚಿತ್ರ ಮೂಡಿಸುವ ಸೂಕ್ಷ್ಮದರ್ಶಕ) ಕೋಣೆಗೆ ಮೊದಲ ಸಲ ಬರುವ ಜೀವವಿಜ್ಞಾನದ ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. ಕಾಂಟ್ಯಾಕ್ಟ್ ವಿಧಾನವೋ, ಟ್ಯಾಪಿಂಗೋ, ಅಥವಾ ಪ್ರತಿ ಬಿಂದುವಿನಲ್ಲೂ ಬಲವನ್ನು ಅಳೆಯುತ್ತ ಹೋಗುವ ವಿಧಾನವೋ? ಡಿಎನ್‌ಎ, ಈ. ಕೋಲೈ ಬ್ಯಾಕ್ಟೀರಿಯಾ, ಗಾಜಿನ ಮೇಲೆ ಬೆಳೆಸಿದ ಜೀವಕೋಶ – ಇವುಗಳ ಮೇಲೆ ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮಾದರಿ ತನ್ನ ತಳವನ್ನು ಎಷ್ಟು ಭದ್ರವಾಗಿ ಹಿಡಿದುಕೊಂಡಿದೆ ಎಂಬುದನ್ನು ಮೊದಲು ನೋಡಬೇಕು, ವಿಧಾನದ ಆಯ್ಕೆ ಆಮೇಲೆ.

1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ ರೂಪಿಸಿದ ಈ ಉಪಕರಣದ ಮೂಲತತ್ವ ಇಂದಿಗೂ ಬದಲಾಗಿಲ್ಲ. ಕ್ಯಾಂಟಿಲಿವರ್ ಎಂಬ ಅತಿ ಸಣ್ಣ ಪಟ್ಟಿ, ಅದರ ತುದಿಯಲ್ಲಿ ಕೆಲವೇ ನ್ಯಾನೋಮೀಟರ್ ಮೊನಚಿನ ಟಿಪ್. ಟಿಪ್ ಮೇಲ್ಮೈಯನ್ನು ತಡವುತ್ತ ಸಾಗಿದಂತೆ ಪಟ್ಟಿ ಬಾಗುತ್ತದೆ. ಈಗಿನ ಉಪಕರಣಗಳಲ್ಲಿ ಅದರ ಬೆನ್ನಿಗೆ ಬಿದ್ದು ಹಿಂದಿರುಗುವ ಲೇಸರ್ ಕಿರಣ ಪಟ್ಟಿ ಎಷ್ಟು ಬಾಗಿತು ಎಂದು ತಿಳಿಸುತ್ತದೆ. ಸಾಮಾನ್ಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಂತೆ ನಿರ್ವಾತವೂ ಬೇಡ, ಚಿನ್ನದ ಲೇಪನವೂ ಬೇಡ. ನೀರಿನೊಳಗೆ ಜೀವಂತ ಕೋಶವನ್ನೇ ನೋಡಬಹುದು. ನಾನು ಈ ಉಪಕರಣಕ್ಕೆ ಅಂಟಿಕೊಂಡದ್ದೇ ಆ ಕಾರಣಕ್ಕೆ.

ಮೂರರಲ್ಲಿ ಹಳೆಯದು ಕಾಂಟ್ಯಾಕ್ಟ್ ವಿಧಾನ. ಟಿಪ್ ಮಾದರಿಯನ್ನು ಬಿಡದೆ ಮುಟ್ಟಿಕೊಂಡೇ ಚಲಿಸುತ್ತದೆ. ಗಾಳಿಯಲ್ಲಿ ಎಲ್ಲ ಮೇಲ್ಮೈಗಳ ಮೇಲೂ ತೇವದ ತೆಳುಪೊರೆ ಇರುವುದರಿಂದ ಅದು ಟಿಪ್ಪನ್ನು ಹತ್ತಾರು ನ್ಯಾನೋನ್ಯೂಟನ್ ಬಲದಿಂದ ಕೆಳಗೆ ಎಳೆಯುತ್ತದೆ. ಮೆದುವಾದ ಅಣುಗಳಿಗೆ ಅಷ್ಟು ಬಲವೇ ವಿಪರೀತ. ದ್ರವದೊಳಗೆ ಈ ಕಾಟ ತಪ್ಪುತ್ತದೆ, ಆದರೆ ಅಡ್ಡಕ್ಕೆ ತಳ್ಳುವ ಬಲ ಉಳಿಯುತ್ತದೆ. ಈ. ಕೋಲೈ ಮೇಲೆ ಕಾಂಟ್ಯಾಕ್ಟ್ ಓಡಿಸಿದಾಗ ಪರದೆಯ ಮೇಲೆ ಒಂದು ಬ್ಯಾಕ್ಟೀರಿಯಾ ಅರ್ಧದವರೆಗೆ ಚೆನ್ನಾಗಿ ಮೂಡಿ, ಮುಂದಿನ ಗೆರೆಯಲ್ಲಿ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಟಿಪ್ ಅದನ್ನು ಪಕ್ಕಕ್ಕೆ ಗುಡಿಸಿ ಹಾಕಿರುತ್ತದೆ. ಹಾಗೆಂದು ಈ ವಿಧಾನವನ್ನು ಮೂಲೆಗೆ ಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಬ್ಯಾಕ್ಟೀರಿಯೊರೊಡಾಪ್ಸಿನ್‌ನಂತೆ ಪೊರೆಯಲ್ಲಿ ಒತ್ತೊತ್ತಾಗಿ ಜೋಡಿಸಿಕೊಂಡ ಪ್ರೋಟೀನುಗಳು ಒಂದಕ್ಕೊಂದು ಆಸರೆಯಾಗಿರುತ್ತವೆ. ಸರಿಯಾದ ಲವಣದ ದ್ರಾವಣದಲ್ಲಿ, 100 ಪಿಕೋನ್ಯೂಟನ್ ಆಸುಪಾಸಿನ ಬಲದಲ್ಲಿ, ಅಂಥ ಪೊರೆಗಳ ಮೇಲೆ ಒಂದು ನ್ಯಾನೋಮೀಟರ್‌ಗಿಂತ ಸಣ್ಣ ವಿವರಗಳು ಕಂಡದ್ದು ಕಾಂಟ್ಯಾಕ್ಟ್ ವಿಧಾನದಲ್ಲೇ.

ಡಿಎನ್‌ಎಗೆ ಬಂದರೆ ಗಾಳಿಯಲ್ಲಿ ಟ್ಯಾಪಿಂಗ್‌ಗೆ ಸಾಟಿಯಿಲ್ಲ. 1993ರಿಂದ ಬಳಕೆಗೆ ಬಂದ ಈ ವಿಧಾನದಲ್ಲಿ ಸುಮಾರು 300 ಕಿಲೋಹರ್ಟ್ಸ್‌ನಲ್ಲಿ ಕಂಪಿಸುವ ಗಡಸು ಸಿಲಿಕಾನ್ ಕ್ಯಾಂಟಿಲಿವರ್ ಮಾದರಿಯನ್ನು ತಟ್ಟಿ ತಟ್ಟಿ ಮುಂದೆ ಸಾಗುತ್ತದೆ. ಎಳೆದಾಟ ಬಹುಮಟ್ಟಿಗೆ ಇಲ್ಲವಾಗುತ್ತದೆ. ಇಲ್ಲಿ ಶ್ರಮವೆಲ್ಲ ಇರುವುದು ಉಪಕರಣದ ಹೊರಗೆ, ಮೇಜಿನ ಮೇಲೆ. ತಳಕ್ಕೆ ಅಭ್ರಕ, ಅಂದರೆ ನಮ್ಮ ಕಾಗೆಬಂಗಾರ. ಅದರ ಮೇಲೆ ಅಂಟುಪಟ್ಟಿಯನ್ನು ಒತ್ತಿ ಎಳೆದರೆ ಮೇಲಿನ ಪದರ ಕಿತ್ತು ಬಂದು ಪರಮಾಣು ಮಟ್ಟದಲ್ಲಿ ಸಮತಟ್ಟಾದ ಹೊಸ ಮೇಲ್ಮೈ ಸಿಗುತ್ತದೆ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಬೇಕು: ಪದರ ಇಡಿಯಾಗಿ ಬಂದಿದ್ದರೆ ಸರಿ, ಹರಿದು ಚೂರಾಗಿದ್ದರೆ ಮತ್ತೆ ಎಳೆಯಬೇಕು. ಅಭ್ರಕಕ್ಕೂ ಋಣ ವಿದ್ಯುದಂಶ, ಡಿಎನ್‌ಎಗೂ ಋಣ ವಿದ್ಯುದಂಶ. ಆದ್ದರಿಂದ ನಡುವೆ ಸೇತುವೆಗೆ ಮೆಗ್ನೀಸಿಯಂ ಅಥವಾ ನಿಕಲ್ ಅಯಾನುಗಳು ಬೇಕು. ಒಂದು ಹನಿ ಹಾಕಿ, ಕೆಲವು ನಿಮಿಷ ಬಿಟ್ಟು, ಶುದ್ಧ ನೀರಿನಲ್ಲಿ ತೊಳೆದು, ನೈಟ್ರೋಜನ್ ಊದಿ ಒಣಗಿಸಬೇಕು. ತೊಳೆಯುವುದರಲ್ಲಿ ಜಿಪುಣತನ ಮಾಡಿದರೆ ಡಿಎನ್‌ಎಗಿಂತ ಉಪ್ಪಿನ ಹರಳುಗಳೇ ಎತ್ತರವಾಗಿ ಎದ್ದು ಕಾಣುತ್ತವೆ.

ಎರಡು ಅಯಾನುಗಳಲ್ಲಿ ಯಾವುದು? ನಿಕಲ್ ಗಟ್ಟಿಯಾಗಿ ಹಿಡಿಯುತ್ತದೆ, ದ್ರವದೊಳಗೆ ನೋಡುವಾಗ ಅದೇ ಬೇಕು. ಆದರೆ ಎಳೆ ಬಿದ್ದ ಭಂಗಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮೆಗ್ನೀಸಿಯಂ ಸಡಿಲ, ಎಳೆ ತಳದ ಮೇಲೆ ಹರಡಿ ನೆಲೆಗೊಳ್ಳಲು ಅವಕಾಶವಿರುತ್ತದೆ. ಉದ್ದ ಅಳೆಯುವ ಕೆಲಸಕ್ಕೆ ನನ್ನ ಒಲವು ಮೆಗ್ನೀಸಿಯಂ ಕಡೆಗೆ. ಒಂದು ಜೋಡಿ ಬೇಸ್‌ಗೆ (ಡಿಎನ್‌ಎ ಏಣಿಯ ಒಂದು ಮೆಟ್ಟಿಲಿಗೆ) 0.34 ನ್ಯಾನೋಮೀಟರ್ ಲೆಕ್ಕದಲ್ಲಿ 1000 ಜೋಡಿಗಳ ತುಣುಕು ಸುಮಾರು 340 ನ್ಯಾನೋಮೀಟರ್ ಬರಬೇಕು, ಹತ್ತಿರಹತ್ತಿರ ಬರುತ್ತದೆ ಕೂಡ. ಎತ್ತರವನ್ನು ಮಾತ್ರ ಹಾಗೆಯೇ ನಂಬಬೇಡಿ. 2 ನ್ಯಾನೋಮೀಟರ್ ದಪ್ಪದ ಎಳೆ ಒಣ ಚಿತ್ರದಲ್ಲಿ ಸಾಮಾನ್ಯವಾಗಿ ಒಂದು ನ್ಯಾನೋಮೀಟರ್‌ಗಿಂತ ಕಡಿಮೆ ತೋರುತ್ತದೆ. ಅಗಲವೋ ಟಿಪ್‌ನ ದಪ್ಪವನ್ನೂ ಸೇರಿಸಿಕೊಂಡು ಹಲವು ಪಟ್ಟು ಹಿಗ್ಗಿರುತ್ತದೆ.

ದ್ರವದಲ್ಲಿ ಟ್ಯಾಪಿಂಗ್ ಮಾಡುವುದು ಬೇರೆಯೇ ಪಾಡು. ನೀರಿನ ಭಾರಕ್ಕೆ ಕ್ಯಾಂಟಿಲಿವರ್‌ನ ಸಹಜ ಕಂಪನಾಂಕ ಮೂರರಲ್ಲಿ ಒಂದಂಶದ ಸುತ್ತಮುತ್ತ ಇಳಿದುಬಿಡುತ್ತದೆ. ಕಂಪಿಸುವ ಹರಳಿನಿಂದ ಅದನ್ನು ಕುಣಿಸಿದರೆ ದ್ರವ ತುಂಬಿದ ಪುಟ್ಟ ಪಾತ್ರೆಯೂ ಜೊತೆಗೆ ಕುಣಿಯುತ್ತದೆ. ಆವರ್ತನದ ನಕ್ಷೆಯ ತುಂಬ ಶಿಖರಗಳು ಎದ್ದು, ನಿಜವಾದದ್ದು ಯಾವುದೆಂದು ತಿಳಿಯುವುದೇ ಕಷ್ಟ. ಉಷ್ಣ ಕಂಪನದ, ಅಂದರೆ ಕುಣಿಸದೆಯೂ ಶಾಖದಿಂದಲೇ ಕ್ಯಾಂಟಿಲಿವರ್ ಕಂಪಿಸುವುದರ ನಕ್ಷೆಯನ್ನು ಪಕ್ಕಕ್ಕಿಟ್ಟು ಹೋಲಿಸಿ ಆರಿಸಿಕೊಳ್ಳುವುದು ನನಗೆ ಒಗ್ಗಿದ ದಾರಿ.

ಮೂರನೆಯ ವಿಧಾನ ಈ ತಲೆನೋವಿನಿಂದ ಬಿಡುಗಡೆ ಕೊಡುತ್ತದೆ. ಟಿಪ್ ಪ್ರತಿ ಬಿಂದುವಿನಲ್ಲೂ ಇಳಿದು, ನಾವು ಹೇಳಿದಷ್ಟೇ ಬಲಕ್ಕೆ ಒತ್ತಿ, ಮೇಲೆದ್ದು ಮುಂದಕ್ಕೆ ಹೋಗುತ್ತದೆ. 256ಕ್ಕೆ 256 ಬಿಂದುಗಳ ಚಿತ್ರಕ್ಕೆ, ಟಿಪ್ ಇಳಿದು ಏರುವಾಗ ಬಲ ಬದಲಾಗುವುದನ್ನು ತೋರಿಸುವ 65,536 ವಕ್ರರೇಖೆಗಳು. ಒಂದಕ್ಕೆ ಒಂದು ಸೆಕೆಂಡ್ ತೆಗೆದುಕೊಳ್ಳುತ್ತಿದ್ದ ಹಳೆಯ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 18 ಗಂಟೆ ಹಿಡಿಯುತ್ತಿತ್ತು. ಈಗಿನ ಉಪಕರಣಗಳಲ್ಲಿ ಇದು ನಿಮಿಷಗಳ ಕೆಲಸ. ಎತ್ತರದ ಜೊತೆಗೇ ಗಡಸುತನ, ಅಂಟುವ ಗುಣ ಎರಡರ ನಕ್ಷೆಯೂ ಕೈಗೆ ಬರುತ್ತದೆ. ಜೆಲಟಿನ್ ಲೇಪಿಸಿದ ಅಭ್ರಕದ ಮೇಲೆ ಕೂರಿಸಿದ ಈ. ಕೋಲೈ ಈ ವಿಧಾನದಲ್ಲಿ ಕದಲದೆ ಕುಳಿತಿರುತ್ತದೆ. ದ್ರಾವಣದಲ್ಲಿ ಲವಣ ಕಡಿಮೆಯಿದ್ದಷ್ಟೂ ಹಿಡಿತ ಚೆನ್ನ. ತಳಕ್ಕೆ ಲೇಪಿಸುವ ಇನ್ನೊಂದು ಅಂಟು ಪಾಲಿಲೈಸಿನ್ ಸಹ ಹಿಡಿಯುತ್ತದೆ, ಆದರೆ ಅದರ ಧನ ವಿದ್ಯುದಂಶ ಬ್ಯಾಕ್ಟೀರಿಯಾದ ಪೊರೆಗೆ ಘಾಸಿ ಮಾಡಬಲ್ಲದು. ಬದುಕಿರುವ ಮಾದರಿ ಬೇಕೆಂದರೆ ನನ್ನ ಮತ ಜೆಲಟಿನ್‌ಗೆ.

ಜೀವಕೋಶದ ಗಡಸುತನ ಅಳೆಯುವವರಿಗೆ ವಿಧಾನಕ್ಕಿಂತ ಟಿಪ್‌ನ ಆಕಾರವೇ ದೊಡ್ಡ ಪ್ರಶ್ನೆ. ಕ್ಯಾನ್ಸರ್ ಕೋಶಗಳು ಸಹಜ ಕೋಶಗಳಿಗಿಂತ ಮೆದು ಎಂದು ಹಲವು ಅಧ್ಯಯನಗಳು ತೋರಿಸಿದ ಮೇಲೆ ಈ ಅಳತೆಗೆ ಬೇಡಿಕೆ ಹೆಚ್ಚಿದೆ. ಚೂಪು ಟಿಪ್ ಕೋಶದೊಳಗಿನ ನಾರುಗಳನ್ನು ಒಂದೊಂದಾಗಿ ತೋರಿಸುತ್ತದೆ, ಆದರೆ ಅಂಕಿಗಳು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಜಿಗಿಯುತ್ತವೆ ಮತ್ತು ಗಡಸುತನದ ಮೌಲ್ಯ ಮೇಲಕ್ಕೆ ವಾಲುತ್ತದೆ. 5 ಮೈಕ್ರೋಮೀಟರ್ ವ್ಯಾಸದ ಗೋಲಿ ಅಂಟಿಸಿದ ಕ್ಯಾಂಟಿಲಿವರ್ ವಿವರಗಳನ್ನು ಬಿಟ್ಟುಕೊಟ್ಟು ಇಡೀ ಕೋಶದ ಸರಾಸರಿ ಹೇಳುತ್ತದೆ. ಒತ್ತಿದ ಬಲ ಮತ್ತು ಆಳದಿಂದ ಗಡಸುತನ ಲೆಕ್ಕಹಾಕುವ ಹರ್ಟ್ಸ್ ಸೂತ್ರಕ್ಕೂ ಚೆನ್ನಾಗಿ ಹೊಂದುತ್ತದೆ. ಎರಡು ಬಗೆಯ ಕೋಶಗಳನ್ನು ಹೋಲಿಸುವುದಿದ್ದರೆ ಕಣ್ಣುಮುಚ್ಚಿ ಗೋಲಿಯನ್ನೇ ಆರಿಸುತ್ತೇನೆ. ಕೋಶದ ದಪ್ಪದ ಹತ್ತರಲ್ಲೊಂದು ಭಾಗಕ್ಕಿಂತ ಆಳಕ್ಕೆ ಒತ್ತಿದರೆ ಕೆಳಗಿನ ಗಾಜಿನ ಗಡಸುತನವೂ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಯಾರ ಪ್ರಬಂಧ ಓದಿದರೂ ನಾನು ಮೊದಲು ಹುಡುಕುವುದು ಟಿಪ್‌ನ ಆಕಾರ, ಒತ್ತಿದ ಆಳ, ಒತ್ತಿದ ವೇಗ ಈ ಮೂರನ್ನು. ಇವು ಇಲ್ಲದ ಗಡಸುತನದ ಕಿಲೋಪ್ಯಾಸ್ಕಲ್ ಅಂಕಿಯನ್ನು ನನ್ನ ಅಂಕಿಯ ಪಕ್ಕದಲ್ಲಿ ಇಡುವುದಿಲ್ಲ.