ಕಡಿಮೆ ಬಜೆಟ್ ಏರ್‌ಗನ್‌ನಲ್ಲಿ ಗುರಿ ಕೂರೋದು: ಸಾದಾ ಸ್ಪ್ರಿಂಗ್, ಸ್ಕೋಪ್ ಕಾಂಬೊ, ಪಿಸಿಪಿ, ಮೂರನ್ನೂ ಹೊಡೆದು ನೋಡಿದ್ಮೇಲೆ

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಓಪನ್ ಸೈಟ್ (ದುರ್ಬೀನಿಲ್ಲದೆ ಬರೀ ಕಣ್ಣಲ್ಲಿ ಗುರಿ ಹಿಡಿಯೋ ಕಂಡಿ-ಮೊಳೆ) ಇರೋ ಸಾದಾ ಸ್ಪ್ರಿಂಗ್ ಗನ್ನಿಗೆ, ಬ್ಯಾರೆಲ್ ಬಗ್ಗಿಸಿ ಲೋಡ್ ಮಾಡ್ತೀವಲ್ಲ ಆ ಟೈಪು. 10-12 ಸಾವಿರದ ಆಸುಪಾಸಿನದು, ನಂದು ಅದೇ. ಎರಡನೇದು ನಮ್ಮ ಚಿಕ್ಕಪ್ಪನ ಮಗಂದು, ಗ್ಯಾಸ್ ಪಿಸ್ಟನ್ ಗನ್ನು (ಸ್ಪ್ರಿಂಗ್ ಬದಲು ಒತ್ತಿಟ್ಟ ಗ್ಯಾಸು ಪಿಸ್ಟನ್ ತಳ್ಳೋದು), ಜೊತೆಗೆ ಸ್ಕೋಪ್, ಅಂದ್ರೆ ಗುರಿ ನೋಡೋ ದುರ್ಬೀನು, ಫಿಟ್ ಮಾಡಿ ಕಾಂಬೊ ಅಂತ ಆನ್‌ಲೈನ್‌ನಲ್ಲಿ ಕೊಟ್ಟಿದ್ದು. ಮೂರನೇದು ಚಿತ್ರದುರ್ಗದಲ್ಲಿರೋ ಗೆಳೆಯನ ಪಿಸಿಪಿ, ಅಂದ್ರೆ ಸಿಲಿಂಡರ್‌ಗೆ ಗಾಳಿ ತುಂಬಿಸಿ ಹೊಡೆಯೋದು, ಪಂಪೂ ಸೇರಿ 50 ಸಾವಿರದ ಹತ್ರ ಆಗೈತೆ. ಮೂರರ ಬ್ಯಾರೆಲ್ ತೂತೂ 4.5 ಎಂಎಂ. ನಮ್ಮಲ್ಲಿ 4.5 ಎಂಎಂ ಒಳಗೆ, ಮೂತಿ ಬಿಡುವಾಗ ಗುಂಡಿನ ಶಕ್ತಿ 20 ಜೂಲ್ ಒಳಗೆ ಇದ್ರೆ ಲೈಸೆನ್ಸ್ ಬೇಡ, ಹಂಗಾಗಿ ಜನ ಜಾಸ್ತಿ ತಗೊಳ್ಳೋದೂ ಇದನ್ನೇ.

ಬೇಟೆಗೆ ಯಾವುದು ಒಳ್ಳೇದು ಅಂತ ಕೇಳೋರು ಇಲ್ಲೇ ನಿಲ್ಲಿಸ್ಬಿಡ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಐತೆ. ಜಗಳೂರು ಕಡೆ ರಂಗಯ್ಯನದುರ್ಗದಲ್ಲಿ ಕೊಂಡುಕುರಿ (ನಾಲ್ಕು ಕೊಂಬಿನ ಕಾಡುಪ್ರಾಣಿ) ಉಳ್ಕೊಂಡಿರೋದೇ ಪುಣ್ಯ, ಅದಕ್ಕೆ ಅಂತಾನೇ ಒಂದು ವನ್ಯಜೀವಿ ಧಾಮ ಮಾಡಿದಾರೆ. ನಾವು ಹೊಡೆಯೋದು ಕಾಗದದ ಟಾರ್ಗೆಟ್‌ಗೆ, ಚನ್ನಗಿರಿ ಕಡೆ ನಮ್ಮ ಅಡಿಕೆ ತೋಟದ ಶೆಡ್ಡಲ್ಲಿ, 10 ಮೀಟರ್‌ಗೆ. ಹಿಂದೆ ದಪ್ಪ ಹಲಗೆ, ಅದರ ಮುಂದೆ ಹಳೇ ಬಟ್ಟೆ ತುಂಬಿದ ಪೆಟ್ಟಿಗೆ. ಕಲ್ಲು ಗೋಡೆಗೆ ಹೊಡೆದ್ರೆ ಪೆಲೆಟ್, ಅಂದ್ರೆ ಏರ್‌ಗನ್ನಿನ ಸಣ್ಣ ಗುಂಡು, ವಾಪಸ್ ಬರ್ತದೆ, ಕಣ್ಣಿಗೆ ಕನ್ನಡಕ ಇಲ್ದೆ ನಮ್ಮ ಶೆಡ್ಡಲ್ಲಿ ಯಾರನ್ನೂ ಗನ್ ಮುಟ್ಟೋಕೆ ಬಿಡಲ್ಲ.

ಈಗ ಸ್ಕೋಪ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ತಮ್ಮನ ದುಡ್ಡು, ನನ್ನ ತಲೆ ಎರಡೂ ಹಾಳಾಗಿದ್ದು ಇಲ್ಲೇ. ಗನ್ನು ಬಂದ ದಿನ ಝೀರೋ ಮಾಡಿಕೊಟ್ಟೆ, ಅಂದ್ರೆ ಸ್ಕೋಪಲ್ಲಿ ಗುರಿ ಇಟ್ಟಲ್ಲೇ ಗುಂಡು ಬೀಳೋಹಂಗೆ ಸೆಟ್ ಮಾಡಿದೆ, ನೀಟಾಗಿ ನಡುವೆ ಬೀಳ್ತಿತ್ತು. ಆಮೇಲೆ ಒಂದು ಡಬ್ಬಿ ಪೆಲೆಟ್ ಮುಗಿಯೋದ್ರೊಳಗೆ ಗುಂಡು ಒಂದ್ಸಲ ಎಡಕ್ಕೆ, ಒಂದ್ಸಲ ಕೆಳಕ್ಕೆ. ಅವನು ದಿನಾ ಸ್ಕೋಪ್ ತಿರುಪೋದು, ದಿನಾ "ಅಣ್ಣಾ ಮತ್ತೆ ಹೋಯ್ತು" ಅಂತ ಫೋನ್ ಮಾಡೋದು. ಕೊನೆಗೆ ಮೌಂಟ್ (ಸ್ಕೋಪನ್ನ ಗನ್ನಿಗೆ ಕಚ್ಚಿಸೋ ಕ್ಲಾಂಪು) ಹಿಂದೆ ಪೆನ್ಸಿಲ್‌ನಿಂದ ಸಣ್ಣ ಗೆರೆ ಎಳೆದು ಹೊಡೆಯೋಕೆ ಹೇಳ್ದೆ. ಮುಂದಿನ ವಾರ ನೋಡಿದ್ರೆ ಗೆರೆ ಕಾಣ್ತಾನೇ ಇಲ್ಲ, ಮೌಂಟೇ ಹಿಂದಕ್ಕೆ ಜರುಗಿ ಗೆರೆ ಮೇಲೆ ಕೂತೈತೆ. ಎರಡೂ ಮೌಂಟಿನ ಸ್ಕ್ರೂ ಟೈಟ್ ಇದ್ವು, ಆದ್ರೂ ಜರುಗಿತ್ತು.

ಕಾರಣ ಏನಂದ್ರೆ ಸ್ಪ್ರಿಂಗ್ ಆಗ್ಲಿ ಗ್ಯಾಸ್ ಪಿಸ್ಟನ್ ಆಗ್ಲಿ, ಒದೆತ ಎರಡು ಕಡೆಗೂ ಇರ್ತದೆ. ಪಿಸ್ಟನ್ ಮುಂದೆ ನುಗ್ಗುವಾಗ ಗನ್ನು ಹಿಂದಕ್ಕೆ, ಪಿಸ್ಟನ್ ಹೋಗಿ ನಿಂತಾಗ ಗನ್ನು ಜರ್ಕ್ ಹೊಡೆದು ಮುಂದಕ್ಕೆ. ಆ ಎರಡನೇ ಜರ್ಕ್‌ನಲ್ಲಿ ಸ್ಕೋಪ್ ಇದ್ದಲ್ಲೇ ಇರ್ತದೆ, ಗನ್ನು ಅದರ ಕೆಳಗಿಂದ ಮುಂದೆ ಹೋಗ್ತದೆ, ಪ್ರತಿ ಸಲ ಕೂದಲೆಳೆಯಷ್ಟು. ಬೇಟೆ ರೈಫಲ್‌ಗೆ ಮಾಡಿದ ಸ್ಕೋಪ್ ಹಿಂದಕ್ಕೆ ಹೊಡೆಯೋ ಒದೆತಕ್ಕೆ ತಯಾರಾಗಿರ್ತದೆ, ಮುಂದಕ್ಕೆ ಹೊಡೆಯೋದಕ್ಕಲ್ಲ, ಒಳಗಿನ ಲೆನ್ಸು, ಕ್ರಾಸ್‌ಹೇರ್ (ಗುರಿ ಹಿಡಿಯೋ ಅಡ್ಡ-ಉದ್ದ ಗೆರೆ) ಸಡಿಲ ಆಗೋದೂ ಐತೆ. ಇನ್ನೊಂದು, ಆ ಸ್ಕೋಪ್‌ಗಳ ಪ್ಯಾರಲಾಕ್ಸ್ ಸಾಮಾನ್ಯವಾಗಿ 100 ಗಜಕ್ಕೆ ಸೆಟ್ ಆಗಿರ್ತದೆ. 10 ಮೀಟರ್‌ಗೆ ಹಿಡಿದ್ರೆ ಟಾರ್ಗೆಟ್ ಮಬ್ಬು, ಕಣ್ಣು ಸ್ವಲ್ಪ ಆ ಕಡೆ ಈ ಕಡೆ ಆದ್ರೂ ಕ್ರಾಸ್‌ಹೇರ್ ಟಾರ್ಗೆಟ್ ಮೇಲೆ ಓಡಾಡ್ತದೆ.

ಸಾಲದ್ದಕ್ಕೆ ಬಗ್ಗಿಸೋ ಬ್ಯಾರೆಲ್ ಎಷ್ಟೋ ಗನ್ನಲ್ಲಿ ಮೂತಿ ಕೂದಲೆಳೆಯಷ್ಟು ಕೆಳಗೆ ನೋಡ್ತಿರ್ತದೆ. ಓಪನ್ ಸೈಟ್ ಬ್ಯಾರೆಲ್ ಮೇಲೇ ಕೂತಿರೋದ್ರಿಂದ ಬಹಳ ಮಟ್ಟಿಗೆ ಅದು ಗೊತ್ತಾಗಲ್ಲ, ಸ್ಕೋಪ್ ಹಾಕಿದ್ರೆ ಗುಂಡು ಕೆಳಗೆ ಬೀಳ್ತದೆ, ಅದನ್ನ ಮೇಲೆತ್ತೋಕೆ ಟರೆಟ್ (ಸ್ಕೋಪ್ ಮೇಲಿನ ತಿರುಪು) ತಿರುವಿ ತಿರುವಿ ಕೊನೆ ಮುಟ್ಟಿಸ್ತೀವಿ, ಕೊನೆ ಮುಟ್ಟಿದ್ಮೇಲೆ ಒಳಗಿನ ಸಣ್ಣ ಸ್ಪ್ರಿಂಗ್‌ಗೆ ಬಿಗಿ ಇರಲ್ಲ, ಝೀರೋ ತಾನಾಗೇ ಅಲೆಯೋಕೆ ಶುರು. ತಮ್ಮನ ಗನ್ನಲ್ಲಿ ಇದೂ ಇತ್ತು, ಜರುಗೋದೂ ಇತ್ತು. ಅಂಗಡಿಯವರನ್ನ ಕೇಳಿದ್ರೆ ಸ್ಕ್ರೂ ಟೈಟ್ ಮಾಡ್ಕೊಳ್ರಿ ಅಂದ್ರು, ಅಷ್ಟೇ.

ಸರಿ ಮಾಡ್ಬೇಕು ಅಂದ್ರೆ ದಾರಿ ಐತೆ: ಒಂದೇ ಪೀಸಿನ ಮೌಂಟ್, ಅದರಲ್ಲಿ ಸ್ಟಾಪ್ ಪಿನ್ ಇರ್ಬೇಕು, ಆ ಪಿನ್ ಗನ್ನಿನ ಮೇಲಿರೋ ತೂತಿಗೆ ಇಳೀಬೇಕು. ಏರ್‌ಗನ್‌ಗೆ ಅಂತಾನೇ ಮಾಡಿದ ಸ್ಕೋಪ್, 10 ಮೀಟರ್‌ಗೆ ಫೋಕಸ್ ಇಳಿಯೋ ಎಒ ರಿಂಗ್ (ದೂರಕ್ಕೆ ತಕ್ಕಂಗೆ ಫೋಕಸ್ ಹೊಂದಿಸೋ ಬಳೆ) ಇರೋದು. ಈ ಎರಡಕ್ಕೇ ಆಗೋ ಖರ್ಚಲ್ಲಿ ನಂಗೆ ವರ್ಷಪೂರ್ತಿ ಒಳ್ಳೇ ಪೆಲೆಟ್ ಬರ್ತದೆ. ತಮ್ಮ ಈಗ ಸ್ಕೋಪ್ ಬಿಚ್ಚಿಟ್ಟು ಓಪನ್ ಸೈಟಲ್ಲೇ ಹೊಡೀತಿದಾನೆ, ಗ್ರೂಪ್ (ಸಾಲಾಗಿ ಹೊಡೆದ ತೂತುಗಳ ಗುಂಪು) ಮೊದಲಿಗಿಂತ ಸಣ್ಣದಾಗೈತೆ.

ನನ್ನ ಗನ್ನಲ್ಲಿ ಗುರಿ ಕೂತಿದ್ದು ಮೊದಲನೇದಾಗಿ ಪೆಲೆಟ್‌ನಿಂದ. ಲೂಸ್ ಸಿಗೋ ಅಗ್ಗದ ಮೊನಚು ಪೆಲೆಟ್‌ಗಳ ಸ್ಕರ್ಟ್, ಅಂದ್ರೆ ಹಿಂಬದಿಯ ಅಗಲ ಅಂಚು, ನೋಡ್ರಿ, ಬೆಳಕಿಗೆ ಹಿಡಿದ್ರೆ ಅರ್ಧಕ್ಕರ್ಧ ಸೊಟ್ಟಗಿರ್ತವೆ, ಅಂಥದ್ದು ಬ್ಯಾರೆಲ್ಲಿಗೆ ಸರಿಯಾಗಿ ಕೂರಲ್ಲ. 10 ಮೀಟರ್‌ಗೆ ಚಪ್ಪಟೆ ಮೂತಿದೇ ಬೆಸ್ಟ್, 0.53 ಗ್ರಾಂ ಆಸುಪಾಸಿಂದು, ಕಾಗದದಲ್ಲಿ ಪಂಚ್ ಮಷಿನ್ ಹೊಡ್ದಂಗೆ ದುಂಡನೆ ತೂತು ಬೀಳ್ತದೆ. ಒಳ್ಳೇ ಕಂಪನಿ ಡಬ್ಬಿ ಮೇಲೆ ತಲೆ ಅಳತೆ 4.49, 4.50, 4.51 ಅಂತ ಬರ್ದಿರ್ತಾರೆ. ಪ್ರತಿ ಬ್ಯಾರೆಲ್ಲಿಗೂ ಬೇರೆ ಅಳತೆ ಒಗ್ಗುತ್ತೆ, ನಂದಕ್ಕೆ 4.51. ಅದು ಸಿಕ್ಕ ಮೇಲೆ ಗ್ರೂಪ್ 1 ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತೆ. ಅಂದಂಗೆ ನಿಜವಾದ ಸ್ಪರ್ಧೆ ಟಾರ್ಗೆಟ್ಟಲ್ಲಿ 10 ಪಾಯಿಂಟ್ ಚುಕ್ಕಿ ಬರೀ ಅರ್ಧ ಮಿಲಿಮೀಟರ್, 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಅದಕ್ಕೆ ಹೊಡೆದೇ, ನೆನೆಸ್ಕೊಂಡ್ರೆ ಮೈ ಜುಮ್ಮಂತದೆ.

ಎರಡನೇದು ಹಿಡಿಯೋ ರೀತಿ. ಸ್ಪ್ರಿಂಗ್ ಗನ್ನಲ್ಲಿ ಪೆಲೆಟ್ ಇನ್ನೂ ಬ್ಯಾರೆಲ್ ಒಳಗಿರುವಾಗಲೇ ಗನ್ನು ಅಲ್ಲಾಡೋಕೆ ಶುರುವಾಗಿರ್ತದೆ. ಗಟ್ಟಿ ಹಿಡಿದ್ರೆ ಪ್ರತಿ ಸಲ ಬೇರೆ ಥರ ಅಲ್ಲಾಡ್ತದೆ. ನಾನು ಮೆಕ್ಕೆಜೋಳದ ಚೀಲದ ಮೇಲೆ ಅಂಗೈ ಬಿಚ್ಚಿ ಇಡ್ತೀನಿ, ಅಂಗೈ ಮೇಲೆ ಗನ್ನು ಸುಮ್ನೆ ಕೂತಿರ್ತದೆ, ಬೆರಳು ಮುಚ್ಚಲ್ಲ, ಭುಜಕ್ಕೂ ಹಗುರಕ್ಕೆ ತಾಗಿಸ್ತೀನಿ, ಅದರ ಪಾಡಿಗೆ ಅದು ಒದೀಲಿ ಅಂತ. ಗನ್ನನ್ನ ನೇರ ಚೀಲದ ಮೇಲಿಟ್ರೆ ಗುಂಡು ಬೇರೆ ಕಡೆ ಹೋಗ್ತದೆ.

ಸ್ಟಾಕ್ (ಗನ್ನಿನ ಹಿಡಿಭಾಗ) ಸ್ಕ್ರೂಗಳನ್ನ ಪ್ರತಿ ಭಾನುವಾರ ನೋಡ್ರಿ, ಸಡಿಲ ಆಗೇ ಆಗ್ತವೆ. ಹೊಸ ಗನ್ನು ಮೊದಮೊದಲು ಹೊಗೆ ಬಿಟ್ಟು ಢಬ್ ಅಂದ್ರೆ ಹೆದರ್ಬೇಡ್ರಿ, ಒಳಗಿನ ಎಣ್ಣೆ ಉರೀತಿರೋದು, ಅದು ಪೂರ್ತಿ ಹೋಗೋವರೆಗೂ ಗುರಿ ಲೆಕ್ಕ ಹಾಕ್ಬೇಡ್ರಿ. ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ ಯಾವ್ದನ್ನೂ ಒಳಗೆ ಬಿಡ್ಲೇಬೇಡ್ರಿ. ಪೆಲೆಟ್ ಇಲ್ದೆ ಖಾಲಿ ಹೊಡೀಬೇಡ್ರಿ. ಪೆಲೆಟ್ ಸೀಸದ್ದು, ಕೈ ತೊಳೀದೆ ಮಂಡಕ್ಕಿ ಮಿರ್ಚಿಗೆ ಕೈ ಹಾಕ್ಬೇಡ್ರಿ.

ಬಾಕ್ಸ್ ಮೇಲೆ 1000 ಎಫ್‌ಪಿಎಸ್ (ಸೆಕೆಂಡಿಗೆ ಅಷ್ಟು ಅಡಿ ವೇಗ) ಅಂತ ಇದ್ರೆ ಅದು ನಿಖರತೆ ಅಲ್ಲ. ಸ್ಪರ್ಧೆ ರೈಫಲ್‌ಗಳು 600 ಎಫ್‌ಪಿಎಸ್ ಕೂಡ ಮುಟ್ಟಲ್ಲ, ಬೇಕಂತಲೇ ನಿಧಾನ ಇಟ್ಟಿರ್ತಾರೆ.

ಪಿಸಿಪಿ? ಹೊಡೆಯೋಕೆ ಅದರಷ್ಟು ಸುಖ ಇಲ್ಲ, ಒದೆತಾನೇ ಇಲ್ಲ, ಹೆಂಗೆ ಹಿಡಿದ್ರೂ ತೂತಿನ ಮೇಲೆ ತೂತು. ಆದ್ರೆ 200 ಬಾರ್ ತುಂಬಿಸ್ಬೇಕು, ಅಂದ್ರೆ 2900 ಪಿಎಸ್‌ಐ, ಬೈಕ್ ಟಯರ್‌ಗೆ ಹಾಕೋದು 30 ಚಿಲ್ರೆ. ಕೈ ಪಂಪಲ್ಲಿ ತುಂಬಿಸಿದ್ರೆ ರಟ್ಟೆ ನಡುಗ್ತದೆ, ಆ ನಡುಗೋ ಕೈಯಲ್ಲಿ ತಕ್ಷಣ ಗುರಿ ಇಡೋಕಾಗಲ್ಲ. ಗಾಳಿ ಇಳೀತಾ ಬಂದಂಗೆ ಗುಂಡೂ ಕೆಳಗಿಳೀತದೆ. ಮೇಲಾಗಿ ಗೆಳೆಯ ಬಯಲಲ್ಲಿ 25 ಮೀಟರ್‌ಗೆ ಹೊಡೆಯೋದು, ದುರ್ಗದ ಗುಡ್ಡದ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನುಗಳು ಸುಮ್ನೆ ನಿಲ್ಸಿಲ್ಲ, ಆ ಗಾಳಿಗೆ ಅರ್ಧ ಗ್ರಾಂ ಪೆಲೆಟ್ ಎತ್ತಲಾಗೋ ತೇಲ್ತದೆ, 50 ಸಾವಿರದ ಗನ್ನಾದ್ರೂ ಅಷ್ಟೇ.

ನಾನು ಅಂಗಡಿ ಮುಚ್ಚಿ ರಜದ ದಿನ ತೋಟಕ್ಕೆ ಹೋಗೋನು, ಅರ್ಧ ಗಂಟೆ ಹೊಡೆದು ವಾಪಸ್. ನಂಗೆ ಬ್ಯಾರೆಲ್ ಬಗ್ಗಿಸು, ಪೆಲೆಟ್ ಇಡು, ಹೊಡಿ, ಇಷ್ಟೇ ಬೇಕು. ಜಿಲ್ಲಾ, ರಾಜ್ಯ ಮಟ್ಟಕ್ಕೆ ಮಕ್ಕಳನ್ನ ಸೀರಿಯಸ್ಸಾಗಿ ತಯಾರು ಮಾಡೋರು ಪಿಸಿಪಿಗೇ ಹೋಗ್ರಿ, ಅಲ್ಲಿ ಬೇರೆ ದಾರಿ ಇಲ್ಲ. 15 ಸಾವಿರ ಕೈಯಲ್ಲಿಟ್ಕೊಂಡು ಕೇಳೋರಿಗೆ: ಸ್ಕೋಪ್ ಇಲ್ಲದ ಸ್ಪ್ರಿಂಗ್ ಗನ್ನು ತಗೊಳ್ರಿ, ಮಿಕ್ಕ ದುಡ್ಡಲ್ಲಿ ಮೂರು ಬೇರೆ ಬೇರೆ ತಲೆ ಅಳತೆಯ ಚಪ್ಪಟೆ ಪೆಲೆಟ್ ಡಬ್ಬಿ ತಂದು, ಒಂದೇ ದಿನ ಒಂದೇ ಚೀಲದ ಮೇಲೆ ಮೂರನ್ನೂ ಹೊಡೆದು ನೋಡಿ, ಗ್ರೂಪ್ ಸಣ್ಣ ಬಂದ ಡಬ್ಬಿಯ ನಂಬರ್ ಸ್ಟಾಕ್ ಒಳಗಡೆ ಬರ್ದಿಟ್ಕೊಳ್ರಿ.