ಮೈಎಸ್‌ಕ್ಯೂಎಲ್ ತೆಗೆದ ಮೇಲೆ ಉಳಿಯುವುದೇನು? ನಾಲ್ಕು ದಾರಿಗಳಲ್ಲಿ ನೋಡಿದ್ದು

ಉಬುಂಟು 22.04 ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್ 8.0 ಎಂಬ ಡೇಟಾಬೇಸ್ ಸರ್ವರ್ ಹಾಕಿಕೊಳ್ಳುವುದು ನಾಲ್ಕೈದು ನಿಮಿಷದ ಕೆಲಸ. ಅದನ್ನು ಪೂರ್ತಿ ತೆಗೆಯಲು ನಾನು ಒಮ್ಮೆ ಇಡೀ ಭಾನುವಾರ ಕಳೆದಿದ್ದೇನೆ. ಆ ಸಿಟ್ಟಿಗೆ ಲ್ಯಾಪ್‌ಟಾಪ್‌ನಲ್ಲಿ ಒಂದು ವರ್ಚುವಲ್ ಯಂತ್ರ ಮಾಡಿಕೊಂಡು, ಸರ್ವರ್ ಹಾಕಿ, ಒಂದು ಪುಟ್ಟ ಡೇಟಾಬೇಸ್ ತುಂಬಿ, ಸ್ನ್ಯಾಪ್‌ಶಾಟ್ ಇಟ್ಟುಕೊಂಡೆ. ಪ್ರತಿ ಸಲ ಅಲ್ಲಿಗೇ ಮರಳಿ ಬೇರೆ ಬೇರೆ ರೀತಿಯಲ್ಲಿ ತೆಗೆದು ನೋಡಿದೆ.

ಮೊದಲು ಎಲ್ಲರ ಕೈಗೂ ಬರುವ, ತಂತ್ರಾಂಶ ತೆಗೆಯುವ ಆದೇಶ ‘ಆಪ್ಟ್ ರಿಮೂವ್’. ಪ್ಯಾಕೇಜಿನ ಹೆಸರು ‘ಮೈಎಸ್‌ಕ್ಯೂಎಲ್-ಸರ್ವರ್’ ಎಂದು ಕೊಟ್ಟೆ, ಕ್ಷಣದಲ್ಲಿ ಮುಗಿಯಿತು. ಆದರೆ ತೆರೆದಿರುವ ಪೋರ್ಟ್‌ಗಳನ್ನು ನೋಡಿದರೆ ಮೈಎಸ್‌ಕ್ಯೂಎಲ್ ಬಳಸುವ 3306 ಹಾಗೇ ಇದೆ, ಜೊತೆಗೆ 33060 ಕೂಡ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ! ಆ ಹೆಸರಿನ ಪ್ಯಾಕೇಜ್ ಒಳಗೆ ಸರ್ವರ್ ಇಲ್ಲ; ಅದು ‘ಮೈಎಸ್‌ಕ್ಯೂಎಲ್-ಸರ್ವರ್-8.0’ ಎಂಬ ಇನ್ನೊಂದು ಪ್ಯಾಕೇಜನ್ನು ಎಳೆದು ತರುವುದಕ್ಕಷ್ಟೇ ಇರುವಂಥದ್ದು. ನಾನು ಇಳಿಸಿದ್ದು ಬೋರ್ಡನ್ನು, ಅಂಗಡಿ ನಡೆಯುತ್ತಲೇ ಇತ್ತು. ಯಾರಿಗೂ ಬೇಡವಾಗಿ ಉಳಿದ ಪ್ಯಾಕೇಜುಗಳನ್ನು ತೆಗೆಯುವ ‘ಆಟೋರಿಮೂವ್’ ಓಡಿಸಿದ ಮೇಲೆಯೇ ಸರ್ವರ್ ನಿಂತದ್ದು. ಆಗ ತೆರೆಯ ಮೇಲೆ ಬಂದ ಪಟ್ಟಿಯಲ್ಲಿ ಮೆಕ್ಯಾಬ್ ಎಂಬ ಹೆಸರೂ ಇತ್ತು. ಜಪಾನೀ ವಾಕ್ಯಗಳನ್ನು ಪದಗಳಾಗಿ ಬಿಡಿಸುವ ತಂತ್ರಾಂಶ ಮತ್ತು ಅದರ ನಿಘಂಟು ಇಷ್ಟು ದಿನ ನನ್ನ ಯಂತ್ರದಲ್ಲಿ ಬಾಡಿಗೆ ಕೊಡದೆ ಕುಳಿತಿದ್ದವು.

ಇಷ್ಟಾದರೂ ಈಟಿಸಿ ಫೋಲ್ಡರ್ ಅಡಿಯ ಸಂರಚನಾ (ಸೆಟ್ಟಿಂಗ್) ಫೈಲುಗಳು, ವಾರ್-ಲಿಬ್ ಫೋಲ್ಡರ್ ಅಡಿಯ ಡೇಟಾ ಎಲ್ಲವೂ ಇದ್ದ ಜಾಗದಲ್ಲೇ ಇದ್ದವು. ಪ್ಯಾಕೇಜುಗಳ ಲೆಕ್ಕ ಇಡುವ ಡಿಪಿಕೆಜಿಯ ಪಟ್ಟಿಯ ಎಡ ತುದಿಯಲ್ಲಿ ‘ಆರ್‌ಸಿ’ ಎಂಬ ಎರಡು ಅಕ್ಷರ: ತೆಗೆದಾಗಿದೆ, ಆದರೆ ಸಂರಚನೆ ಉಳಿದಿದೆ. ಇದನ್ನು ಕಸ ಎಂದು ಬೈಯುವವರಿದ್ದಾರೆ. ನಾಳೆ ಅದೇ ಸರ್ವರನ್ನು ಮತ್ತೆ ಹಾಕುವವರಿಗೆ ಇದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಎರಡನೆಯ ದಾರಿ ಸಂರಚನೆಯನ್ನೂ ಸೇರಿಸಿ ತೆಗೆಯುವ ‘ಪರ್ಜ್’. ಈ ಸಲ 8.0 ಇರುವ ಪ್ಯಾಕೇಜಿನ ಹೆಸರನ್ನೇ ಕೊಟ್ಟೆ. ನಡುವೆ ತೆರೆಯ ಮೇಲೆ ಬೂದು ಬಣ್ಣದ ಪೆಟ್ಟಿಗೆಯೊಂದು ಎದ್ದು ನಿಂತು, ಡೇಟಾಬೇಸ್‌ಗಳನ್ನೂ ಅಳಿಸಲೇ ಎಂದು ಕೇಳಿತು. ಎಂಟರ್ ಒತ್ತುವ ಅಭ್ಯಾಸದ ಬೆರಳು ಇಲ್ಲಿ ತಡೆಯಬೇಕು. ಹೌದು ಎಂದರೆ ಡೇಟಾ ಹೋಯಿತು, ಹಳೆಯದನ್ನು ಹುಡುಕಲು ಕಸದಬುಟ್ಟಿಯೂ ಇಲ್ಲ. ಇಲ್ಲ ಎಂದರೆ ಸಂರಚನೆ ಹೋಗಿ ಡೇಟಾ ಫೋಲ್ಡರ್ ಉಳಿಯುತ್ತದೆ. ನಂತರದ ‘ಆಟೋರಿಮೂವ್’ಗೂ ಪರ್ಜ್ ಆಯ್ಕೆ ಸೇರಿಸಬೇಕು, ಇಲ್ಲದಿದ್ದರೆ ಮತ್ತೆ ಅದೇ ‘ಆರ್‌ಸಿ’ ಸಾಲುಗಳು. ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಮೈಎಸ್‌ಕ್ಯೂಎಲ್ ಸಂಬಂಧದ್ದೆಲ್ಲವನ್ನೂ ಒಟ್ಟಿಗೆ ಕಿತ್ತುಹಾಕುವವರು ಪಟ್ಟಿಯನ್ನು ಓದದೆ ‘ವೈ’ ಒತ್ತಬಾರದು. ‘ಮೈಎಸ್‌ಕ್ಯೂಎಲ್-ಕಾಮನ್’ ಹೋದರೆ ಅದನ್ನು ನೆಚ್ಚಿದ ಕ್ಲೈಂಟ್ ಲೈಬ್ರರಿಯೂ, ಅದರ ಬೆನ್ನಿಗೆ ಪೈಥಾನ್‌ನ ಡೇಟಾಬೇಸ್ ಸಂಪರ್ಕದ ಪ್ಯಾಕೇಜೂ ಹೋಗುತ್ತವೆ.

ಮೂರನೆಯದೇ ನನ್ನ ಭಾನುವಾರದ ಕಥೆ: ಕೈಯಿಂದ ಅಳಿಸುವುದು. ‘ರಿಮೂವ್’ ಮಾಡಿ, ಉಳಿದ ಫೋಲ್ಡರ್‌ಗಳನ್ನು ಕಂಡು ಮೈ ಉರಿದು, ಈಟಿಸಿಯ ಮೈಎಸ್‌ಕ್ಯೂಎಲ್ ಫೋಲ್ಡರನ್ನೇ ಫೈಲ್ ಅಳಿಸುವ ಆದೇಶ ‘ಆರ್‌ಎಂ’ನಿಂದ ಕಿತ್ತುಹಾಕಿದ್ದೆ. ಚೊಕ್ಕವಾಯಿತು ಎಂದುಕೊಂಡು ಮರುದಿನ ಮತ್ತೆ ಹಾಕಲು ಹೋದರೆ, ಮೈಎಸ್‌ಕ್ಯೂಎಲ್.ಸಿಎನ್‌ಎಫ್ ಎಂಬ ಫೈಲ್ ಇಲ್ಲ ಎಂದು ಸೆಟಪ್ ಅರ್ಧಕ್ಕೆ ನಿಂತಿತು. ಮತ್ತೆ ಹಾಕಿದೆ, ಮತ್ತೆ ಅದೇ. ಡಿಪಿಕೆಜಿಯ ಲೆಕ್ಕದಲ್ಲಿ ಆ ಫೈಲ್ ಇನ್ನೂ ನನ್ನ ಬಳಿ ಇದ್ದದ್ದೇ. ಅದು ಕಾಣದಿದ್ದರೆ ಯಜಮಾನರೇ ಬೇಕೆಂದು ಅಳಿಸಿದ್ದಾರೆ ಎಂದು ಗೌರವದಿಂದ ಸುಮ್ಮನಿರುತ್ತದೆ, ಹೊಸದನ್ನು ಇಡುವುದಿಲ್ಲ. ಈ ಗೌರವ ಅರ್ಥವಾಗಲು ನನಗೆ ಆರು ಗಂಟೆ ಬೇಕಾಯಿತು. ಮದ್ದು ಒಂದೇ ಸಾಲಿನದು: ಮೊದಲು ಪರ್ಜ್ ಮಾಡಿ ಆ ಲೆಕ್ಕ ಚುಕ್ತಾ ಮಾಡುವುದು, ಆಮೇಲೆ ಹೊಸದಾಗಿ ಹಾಕುವುದು. ವರ್ಚುವಲ್ ಯಂತ್ರದಲ್ಲಿ ಬೇಕೆಂದೇ ಅದೇ ತಪ್ಪು ಮಾಡಿ ನೋಡಿದೆ, ಅದೇ ದೋಷ ಬಂತು, ಅದೇ ಮದ್ದು ಹಿಡಿಯಿತು.

ನಾಲ್ಕನೆಯದಾಗಿ, ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ಡಾಕರ್. ಇಲ್ಲಿ ಯಂತ್ರದ ಈಟಿಸಿ ಮುಟ್ಟುವ ಪ್ರಶ್ನೆಯೇ ಇಲ್ಲ, ಕಂಟೇನರ್ ತೆಗೆದರೆ ಮುಗಿಯಿತು ಎಂದು ಹೇಳುತ್ತಾರೆ. ಅರ್ಧ ನಿಜ. ಕಂಟೇನರ್‌ಗೆ ಅಚ್ಚಾಗಿರುವ ಮೈಎಸ್‌ಕ್ಯೂಎಲ್ ಇಮೇಜ್ ತನ್ನ ಡೇಟಾಕ್ಕೆಂದು ವಾಲ್ಯೂಮ್, ಅಂದರೆ ಕಂಟೇನರ್‌ನ ಹೊರಗಿನ ಸಂಗ್ರಹದ ಜಾಗ, ಕೇಳುತ್ತದೆ. ನೀವು ಹೆಸರಿಡದಿದ್ದರೆ 64 ಅಕ್ಷರಗಳ ಉದ್ದನೆಯ ಹೆಸರಿನಲ್ಲಿ ಅದೇ ಹುಟ್ಟಿಕೊಳ್ಳುತ್ತದೆ. ಕಂಟೇನರ್ ಅಳಿಸುವಾಗ ‘-ವಿ’ ಹಾಕದಿದ್ದರೆ ಅದು ಉಳಿಯುತ್ತದೆ. ನೀವೇ ಹೆಸರಿಟ್ಟಿದ್ದರೆ ‘-ವಿ’ ಹಾಕಿದರೂ ಉಳಿಯುತ್ತದೆ. ಡಾಕರ್ 23ರಿಂದ ‘ವಾಲ್ಯೂಮ್ ಪ್ರೂನ್’ ಕೂಡ ಹೆಸರಿಲ್ಲದವನ್ನು ಮಾತ್ರ ಗುಡಿಸುತ್ತದೆ, ಹೆಸರಿರುವುದಕ್ಕೆ ‘-ಎ’ ಬೇಕು. ಪ್ರಯೋಗಕ್ಕಾದರೆ ನಾನು ಈಗ ಬಳಸುವುದು ಇದನ್ನೇ.

ನಿಜವಾದ ಸರ್ವರ್‌ನಲ್ಲಾದರೆ ಮೊದಲು ಡೇಟಾಬೇಸಿನ ಪ್ರತಿ, ಅಂದರೆ ಡಂಪ್, ತೆಗೆದು ಬೇರೆ ಯಂತ್ರಕ್ಕೆ ಸಾಗಿಸಿ, ತೆರೆದು ನೋಡಿ, ಆಮೇಲೆ ಪರ್ಜ್. ‘ಆರ್‌ಎಂ’ ಮುಟ್ಟುವುದು ಕೊನೆಗೆ, ಡಿಪಿಕೆಜಿಗೆ ಗೊತ್ತಿಲ್ಲದ ಫೈಲುಗಳಿಗೆ ಮಾತ್ರ. ಅಂದರೆ ನಾನೇ ಎಂದೋ ಬರೆದಿಟ್ಟ ಬ್ಯಾಕಪ್ ಸ್ಕ್ರಿಪ್ಟ್ ಮತ್ತು ಅದನ್ನು ರಾತ್ರಿ 2 ಗಂಟೆಗೆ ಎಬ್ಬಿಸುತ್ತಿದ್ದ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನ ಸಾಲು. ಸರ್ವರ್ ಹೋದ ಮೇಲೂ ಅದು ಮೂರು ವಾರ ಪ್ರತಿ ರಾತ್ರಿ ಎದ್ದು, ಸಂಪರ್ಕ ಸಿಗಲಿಲ್ಲ ಎಂದು ನನಗೆ ಮೇಲ್ ಕಳಿಸುತ್ತಿತ್ತು.